ಖಲೀಫ: ಕಿರೀಟವಲ್ಲ, ಹೊಣೆ

'ಖಲೀಫ' ಎಂಬ ಪದ ಕಿವಿಗೆ ಬಿದ್ದೊಡನೆ ಇಂದು ಅನೇಕರ ಕಣ್ಮುಂದೆ ಸಿಂಹಾಸನ, ಸೈನ್ಯ, ಸಾಮ್ರಾಜ್ಯಗಳು ಸುಳಿಯುತ್ತವೆ. ಇಸ್ಲಾಮಿನ ವಿರೋಧಿಗಳು ಅದನ್ನು ಬೆದರುಬೊಂಬೆಯಾಗಿಸಿದ್ದಾರೆ. ನಮ್ಮವರಲ್ಲೇ ಕೆಲವರು ಅದನ್ನು ಗತವೈಭವದ ಕಿರೀಟವಾಗಿಸಿದ್ದಾರೆ. ಇಬ್ಬರ ತಪ್ಪೂ ಒಂದೇ: ಪ್ರತಿನಿಧಿಯನ್ನು ಒಡೆಯನೆಂದು ಭ್ರಮಿಸಿರುವುದು.

ಅರಬಿಯಲ್ಲಿ ಈ ಪದದ ಮೂಲಧಾತುವಿಗೆ ಹಿಂದಿನಿಂದ ಬರುವುದು, ಇನ್ನೊಬ್ಬರ ಸ್ಥಾನದಲ್ಲಿ ನಿಲ್ಲುವುದು ಎಂಬ ಅರ್ಥವಿದೆ. ಅಲ್ಲಾಹನು ಭೂಮಿಯಲ್ಲಿ ಖಲೀಫನನ್ನು ನೇಮಿಸುವುದಾಗಿ ತಿಳಿಸಿದಾಗ ದೇವಚರರು ವ್ಯಕ್ತಪಡಿಸಿದ ಆತಂಕ ರಕ್ತಪಾತ ಮತ್ತು ಕ್ಷೋಭೆಯದ್ದಾಗಿತ್ತು (ಪವಿತ್ರ ಕುರ್‌ಆನ್, 2:30). ಪ್ರವಾದಿ ದಾವೂದ್(ಅ)ರನ್ನು ಖಲೀಫರನ್ನಾಗಿ ಮಾಡಿದ ಬೆನ್ನಿಗೇ ಬಂದ ಆಜ್ಞೆ, ಜನರ ನಡುವೆ ನ್ಯಾಯದಿಂದ ತೀರ್ಪು ನೀಡಬೇಕು, ಸ್ವೇಚ್ಛೆಯನ್ನು ಹಿಂಬಾಲಿಸಬಾರದು ಎಂಬುದು (38:26). ಇಷ್ಟೇ ಅಲ್ಲ, 6:165ರಲ್ಲಿ ಇದೇ ಪದ ಬಹುವಚನದಲ್ಲಿ ಜನರನ್ನೇ ಉದ್ದೇಶಿಸಿ ಬಂದಿದೆ. ಕೊಟ್ಟದ್ದರಲ್ಲಿ ಪರೀಕ್ಷೆಯಿದೆಯೆಂಬ ಎಚ್ಚರಿಕೆಯೂ ಜೊತೆಗಿದೆ.

ಹಝ್ರತ್ ಅಬೂಬಕರ್(ರ)ರನ್ನು ಒಬ್ಬರು 'ಅಲ್ಲಾಹನ ಖಲೀಫ' ಎಂದು ಕರೆದಾಗ ಅವರು ಅದನ್ನು ಒಪ್ಪಲಿಲ್ಲ. ತಾನು ಅಲ್ಲಾಹನ ಸಂದೇಶವಾಹಕರ(ಸ) ಖಲೀಫನೆಂದರು. ಅಧಿಕಾರ ವಹಿಸಿಕೊಂಡ ದಿನ ಅವರು ಜನರಲ್ಲಿ ಕೇಳಿದ್ದು, ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು. ಮುಂದೆ ಉಮಯ್ಯದ್ ದೊರೆ ಅಬ್ದುಲ್ ಮಲಿಕ್ ಅದೇ 'ಅಲ್ಲಾಹನ ಖಲೀಫ' ಎಂಬ ಬಿರುದನ್ನು ತನ್ನ ನಾಣ್ಯಗಳ ಮೇಲೆ ಅಚ್ಚು ಹಾಕಿಸಿದನು. ಅಬೂಬಕರ್(ರ) ನಿರಾಕರಿಸಿದ್ದನ್ನು ದೊರೆ ಬಯಸಿ ಧರಿಸಿದನು. ಪದ ಒಂದೇ, ಆದರೆ ಅರ್ಥ ತಲೆಕೆಳಗಾಯಿತು.

2014ರಲ್ಲಿ ಮೂಸಿಲ್‌ನ ಮಿಂಬರ್ ಏರಿ ಒಬ್ಬಾತನು ತನ್ನನ್ನು ತಾನೇ ಖಲೀಫನೆಂದು ಪ್ರದರ್ಶಿಸಿಕೊಂಡನು. ಅವನ ಪಡೆಗಳು ಹರಿಸಿದ ನೆತ್ತರನ್ನು ಜಗತ್ತು ಕಂಡಿತು. ದೇವಚರರು ಆತಂಕಪಟ್ಟ ಕೃತ್ಯವನ್ನೇ ಅವನು ಖಿಲಾಫತ್ ಎಂದು ಕರೆದನು! ಅದೇ ವರ್ಷ 120ಕ್ಕೂ ಹೆಚ್ಚು ವಿದ್ವಾಂಸರು ಅವನಿಗೆ ಬಹಿರಂಗ ಪತ್ರ ಬರೆದು, ಸಮುದಾಯದ ಒಮ್ಮತವಿಲ್ಲದೆ ಖಿಲಾಫತ್ ಘೋಷಿಸುವುದು ನಿಷಿದ್ಧವೆಂದು ಸಾರಿದರು. ಆ ಪತ್ರವನ್ನು ನಮ್ಮ ಎಷ್ಟು ಮನೆಗಳಲ್ಲಿ ಓದಲಾಯಿತು?

ಈ ಪದದ ನಿಜವಾದ ಅರ್ಥವನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಕಲಬುರಗಿಯ ಹಝ್ರತ್ ಖಾಜಾ ಬಂದೇ ನವಾಝ್ ಅವರು ದಿಲ್ಲಿಯ ಹಝ್ರತ್ ನಸೀರುದ್ದೀನ್ ಚಿರಾಗ್ ಅವರ ಖಲೀಫರಾಗಿದ್ದರು. ಅದೇ ಊರಿನಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾಹನೂ ಆಳುತ್ತಿದ್ದನು. ಸಿಂಹಾಸನ ಸುಲ್ತಾನನ ಬಳಿಯಿತ್ತು; 'ಖಲೀಫ' ಎಂಬ ಹೆಸರು ಗುರುವಿನ ಹೊಣೆಯನ್ನು ಹೊತ್ತ ಸಂತರದ್ದಾಗಿತ್ತು. ಇಂದು ಯಾರ ಬಾಗಿಲಿಗೆ ಜನ ಹೋಗುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಖಿಲಾಫತ್ತಿನ ಕನಸನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಯುವಕರಲ್ಲಿ ಒಂದು ಪ್ರಶ್ನೆ: ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಖಿಲಾಫತ್ ಏನಾಯಿತು? ನಿಮ್ಮಲ್ಲಿ ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಅಧೀನದಲ್ಲಿರುವವರ ಬಗ್ಗೆ ಪ್ರತಿಯೊಬ್ಬನೂ ಉತ್ತರಿಸಬೇಕು ಎಂಬುದು ಪ್ರವಾದಿ(ಸ)ರ ಬೋಧನೆ. ಸಹೋದರಿಯ ಆಸ್ತಿಪಾಲನ್ನು ತಡೆಹಿಡಿದವನು, ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡದವನು, ಮಸೀದಿಯ ಲೆಕ್ಕವನ್ನು ಜಮಾಅತಿನ ಮುಂದಿಡಲು ಒಪ್ಪದವನು ಜಗತ್ತನ್ನು ಆಳುವ ಮಾತಾಡುವುದು ಎಂತಹ ವಿಪರ್ಯಾಸ!

ಒಡೆತನ ಅಲ್ಲಾಹನದು ಮಾತ್ರ. ನಮಗೆ ವಹಿಸಲಾಗಿರುವುದು ಒಂದು ಅಮಾನತ್ತು. ಪದವನ್ನು ಮೊದಲು ನಮ್ಮ ಮನೆಗಳಲ್ಲಿ ಸರಿಪಡಿಸೋಣ. ಆಗ ಅದನ್ನು ಬೆದರುಬೊಂಬೆಯಾಗಿ ತೋರಿಸುವವರಿಗೂ ಉತ್ತರ ದೊರೆಯುತ್ತದೆ.