ಉಪ್ಪಿನಂಗಡಿ ಸೀಮೆಯ ಅಡಿಕೆಯೂ ಮಾರ್ಚ್ ತಿಂಗಳ ಗಡುವೂ



ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತವರು ಗುಂಡ್ಯ, ನೆಲ್ಯಾಡಿ ದಾಟಿ ಉಪ್ಪಿನಂಗಡಿ ಮುಟ್ಟುವ ತನಕ ಕಿಟಕಿಯ ಹೊರಗಿನ ಹಸಿರು ನೋಡಿ ಹೇಳುವ ಮಾತು ಒಂದೇ: “ಇಲ್ಲಿಯವರಿಗೇನು ಮಾರಾಯ್ರೇ, ಅಡಿಕೆ ತೋಟದ ಸಾಹುಕಾರರು!” ದಾರಿಹೋಕರು ಹೇಳಿದರೆ ನಕ್ಕು ಸುಮ್ಮನಾಗಬಹುದು. ಸಾಲ ಮಂಜೂರು ಮಾಡುವವರೂ, ಬೆಳೆ ಪರಿಹಾರ ಬರೆಯುವವರೂ ಇದನ್ನೇ ನಂಬಿ ಕೂತರೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಆದ್ದರಿಂದ ಈ ಸೀಮೆಯ ಲೆಕ್ಕವನ್ನು ಒಮ್ಮೆ ಬಿಚ್ಚಿ ಹೇಳಬೇಕಾಗಿದೆ.

ಉಪ್ಪಿನಂಗಡಿ ಎಂದರೆ ಎರಡು ಹೊಳೆ ಕೂಡುವ ಜಾಗ. ಸುಬ್ರಹ್ಮಣ್ಯದ ಕಡೆಯಿಂದ ಕುಮಾರಧಾರಾ, ಬೆಳ್ತಂಗಡಿ ಕಡೆಯಿಂದ ನೇತ್ರಾವತಿ. ತುಳುವಿನಲ್ಲಿ ಊರಿನ ಹೆಸರು ಉಬಾರ್. ಕನ್ನಡದ ಹೆಸರು ಉಪ್ಪಿನ ವ್ಯಾಪಾರದಿಂದ ಬಂದದ್ದೆಂದು ಹಿರಿಯರು ಹೇಳುತ್ತಾರೆ. ಕಡಲ ಕಡೆಯ ಉಪ್ಪಿಗೆ ಘಟ್ಟದವರು ಇಳಿದು ಬರುತ್ತಿದ್ದ ಕಾಲದ ನೆನಪು ಅದು. ಮದರಾಸು ಸರಕಾರದ ಕಾಲದಲ್ಲಿ ತಾಲೂಕಿಗೇ ಇದರ ಹೆಸರಿತ್ತು. ಈಗ ಪುತ್ತೂರು, ಸುಳ್ಯ, ಹೊಸದಾಗಿ ಕಡಬ ಎಂದು ಮೂರು ತಾಲೂಕು. ಕಚೇರಿ ಮೂರಾದರೂ ಬದುಕು ಒಂದೇ: ಗುಡ್ಡದ ಬುಡದಲ್ಲಿ ತೋಟ, ಮೇಲೆ ಸೊಪ್ಪಿನ ಕುಮ್ಕಿ, ಎಡೆಯಲ್ಲಿ ಒಂದಿಷ್ಟು ರಬ್ಬರು, ಕರಿಮೆಣಸು, ಕೊಕ್ಕೋ. ಪೇಟೆಯಲ್ಲಿ ತುಳು, ಬ್ಯಾರಿ, ಕೊಂಕಣಿ. ಸುಳ್ಯದ ಕಡೆ ಅರೆಭಾಷೆ. ಹವ್ಯಕರ ಮನೆಗಳಲ್ಲಿ ಅವರದ್ದೇ ಕನ್ನಡ. ನೆಲ್ಯಾಡಿ, ಶಿರಾಡಿಯಲ್ಲಿ ಮಲಯಾಳ. ಎಲ್ಲ ಭಾಷೆಯಲ್ಲೂ ದಿನಾ ಕೇಳುವ ಪ್ರಶ್ನೆ ಮಾತ್ರ ಒಂದೇ: ಇವತ್ತು ಧಾರಣೆ ಎಷ್ಟು?

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಜೋರು ಮಳೆಯ ವರ್ಷ ಎರಡೂ ಹೊಳೆ ಉಕ್ಕಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ನೀರು ಕೂಡಿದರೆ ಸಂಗಮವಾಯಿತೆಂದು ಊರೇ ಬಂದು ಕೈಮುಗಿಯುತ್ತದೆ. ನಾನೂ ಮುಗಿದಿದ್ದೇನೆ. ಆದರೆ ಮನೆಗೆ ಬಂದು ನೋಡಿದರೆ ತೋಟದಲ್ಲಿ ಕೊಳೆರೋಗ. 2018ರ ಮಳೆಗಾಲ ಯಾರಿಗೆ ಮರೆತಿದೆ? ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಪುಸ್ತಕದಲ್ಲಿ ಸುಲಭವಾಗಿ ಬರೆದಿದೆ. ಮರ ಹತ್ತುವವರು ಸಿಕ್ಕಿ, ಎರಡು ದಿನ ಬಿಸಿಲು ಬಿದ್ದು, ತುತ್ತಿಗೆ ಕೈಯಲ್ಲಿ ದುಡ್ಡಿದ್ದರೆ ತಾನೇ ಮದ್ದು ಬಿಡುವುದು? ಆ ದುಡ್ಡು ಹೆಚ್ಚಿನ ಮನೆಗಳಲ್ಲಿ ಸೊಸೈಟಿಯ ಬೆಳೆಸಾಲದ್ದು. ಸಾಲದಲ್ಲದಿದ್ದರೆ ಅಡಿಕೆ ಅಂಗಡಿಯ ಮುಂಗಡದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮದು ಚಾಲಿ ಅಡಿಕೆ. ನವೆಂಬರಿನಿಂದ ಕೊಯ್ಲು ಶುರು, ಎರಡು ಮೂರು ಕೊಯ್ಲು ಮುಗಿಯುವಾಗ ಮಾರ್ಚ್ ಹತ್ತಿರ. ಕೊಯ್ದದ್ದು ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಒಣಗಬೇಕು. ಆಮೇಲೆ ಸುಲಿಯಬೇಕು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಮಾಡಬೇಕು. ಆಗ ಅದು ಹೊಸ ಅಡಿಕೆ. ಗೋಣಿಯಲ್ಲಿ ಕಟ್ಟಿ ಒಂದು ಮಳೆಗಾಲ ಕಳೆಸಿದರೆ ಹಳೆ ಅಡಿಕೆ. ಹೊಸದಕ್ಕೂ ಹಳೆಯದಕ್ಕೂ ಧಾರಣೆಯಲ್ಲಿ ಅಂತರ ಉಂಟೆಂದು ಅಂಗಡಿಯ ಹಲಗೆ ನೋಡಿದ ಮಕ್ಕಳಿಗೂ ಗೊತ್ತು.

ಸಾಲದ ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ಸರಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಒಳ್ಳೆಯದೇ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ವರ್ಷದೊಳಗೆ ಕಟ್ಟಬೇಕು, ದಿನ ತಪ್ಪಿದರೆ ಆ ಸವಲತ್ತು ಹೋಯಿತು. ನನಗೆ ಗೊತ್ತಿರುವ ಹೆಚ್ಚಿನ ಮನೆಗಳಲ್ಲಿ ಈ ಗಡುವು ಬಂದು ನಿಲ್ಲುವುದು ಮಾರ್ಚಿಗೆ. ಅಂದರೆ ಅಂಗಳದ ಅಡಿಕೆ ಸರಿಯಾಗಿ ಒಣಗುವ ಮೊದಲೇ ಅದಕ್ಕೆ ಗಿರಾಕಿ ಹುಡುಕಬೇಕು. ಎಲ್ಲರೂ ಒಂದೇ ತಿಂಗಳಲ್ಲಿ ಜೀಪು, ಪಿಕಪ್ಪು ಕಟ್ಟಿಕೊಂಡು ಪೇಟೆಗೆ ಇಳಿದರೆ ಧಾರಣೆ ಏರುವುದಾದರೂ ಹೇಗೆ?

ಲೆಕ್ಕಕ್ಕೆ ಎರಡು ಎಕರೆಯ ಒಬ್ಬ ಕೃಷಿಕನನ್ನು ಇಟ್ಟುಕೊಳ್ಳಿ. ಹದಿನೈದು ಕ್ವಿಂಟಾಲ್ ಚಾಲಿ. ಹೊಸದಕ್ಕೂ ಹಳೆಯದಕ್ಕೂ ಕಿಲೋಗೆ ನಲವತ್ತೇ ರೂಪಾಯಿ ಅಂತರ ಎಂದು ಹಿಡಿಯೋಣ. 60,000 ರೂಪಾಯಿ. ಬಡ್ಡಿ ಬಿಟ್ಟೆವೆಂದು ಒಂದು ಕೈಯಲ್ಲಿ ಕೊಟ್ಟದ್ದನ್ನು ಗಡುವು ಇನ್ನೊಂದು ಕೈಯಲ್ಲಿ ತೆಗೆದುಕೊಂಡಂತಾಯಿತು, ಅದೂ ಸರಕಾರಕ್ಕಲ್ಲ, ದಾಸ್ತಾನು ಮಾಡುವ ವ್ಯಾಪಾರಿಗೆ.

“ಹಾಗಾದರೆ ಎಲ್ಲರೂ ಹೇಗೆ ಕಟ್ಟುತ್ತಾರೆ? ವಸೂಲಾತಿ ಚೆನ್ನಾಗಿಯೇ ಉಂಟಲ್ಲ?” ಎಂದು ಕೇಳುವವರಿದ್ದಾರೆ. ಹೇಗೆಂದರೆ, ನಾಲ್ಕು ಜನರ ಪರಿಚಯವಿದ್ದವನು ಒಂದು ವಾರಕ್ಕೆ ಕೈಸಾಲ ಮಾಡಿ ಕಟ್ಟುತ್ತಾನೆ, ಹೊಸ ಸಾಲ ಕೈಗೆ ಬಂದ ದಿನ ಅದನ್ನು ತೀರಿಸುತ್ತಾನೆ. ಅವನ ಅಡಿಕೆ ಅಟ್ಟದಲ್ಲೇ ಇರುತ್ತದೆ. ವಾರದ ಮಟ್ಟಿಗೆ ಮೂರು ಲಕ್ಷ ಕೊಡುವವರು ಯಾರೂ ಇಲ್ಲದ ಸಣ್ಣ ರೈತ ಅಡಿಕೆ ಮಾರುತ್ತಾನೆ. ವರದಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬರುತ್ತಾರೆ.

ಈ ಸೀಮೆಗೆ ಇದು ಹೊಸ ಕಥೆ ಅಲ್ಲ. ಅಮರ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳು ಕೊಡಗಿನ ರಾಜರ ಕೈಯಲ್ಲಿದ್ದಾಗ ಬೆಳೆದದ್ದರಲ್ಲೇ ತೆರಿಗೆ ಕೊಡುವ ಕ್ರಮವಿತ್ತು. 1834ರಲ್ಲಿ ಕಂಪೆನಿ ಸರಕಾರ ಕೊಡಗನ್ನು ನುಂಗಿತು, ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ನಗದಿನಲ್ಲಿ ಕಟ್ಟಿರೆಂದಿತು. ನಗದು ಎಲ್ಲಿತ್ತು? ಬೆಳೆದದ್ದನ್ನು ಕೇಳಿದ ಬೆಲೆಗೆ ಕೊಟ್ಟು ವ್ಯಾಪಾರಿಯ ಕೈಸೇರಬೇಕಾಯಿತು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಸುಳ್ಯದಿಂದ ಹೊರಟ ರೈತರು 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದರ ಹಿಂದೆ ಈ ಸಂಕಟವೂ ಇತ್ತು. 2022ರಲ್ಲಿ ಅಲ್ಲಿ ಗೌಡರ ಪ್ರತಿಮೆ ಎದ್ದಿತು, ಹಾರ ಬಿತ್ತು, ಭಾಷಣವಾಯಿತು. ನಗದಿನ ಗಡುವಿನ ವಿಷಯ ಯಾವ ಭಾಷಣದಲ್ಲಾದರೂ ಬಂತೇ? ನನ್ನ ಕಿವಿಗೆ ಬೀಳಲಿಲ್ಲ.

ಇಂಥ ಸಂಕಟಕ್ಕೆ ಮದ್ದು ಕಂಡುಹಿಡಿದವರೂ ಇದೇ ಮಣ್ಣಿನವರು. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು. ಜಿಲ್ಲಾ ಕೇಂದ್ರ ಬ್ಯಾಂಕು 1914ರಲ್ಲಿ ಹುಟ್ಟಿದ್ದೂ ಪುತ್ತೂರಿನಲ್ಲೇ, ಮಂಗಳೂರಿಗೆ ಹೋದದ್ದು ಆಮೇಲೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ನೆಲಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಕ್ಯಾಂಪ್ಕೋ ಕಟ್ಟಿದರು. ಕೊಕ್ಕೋ ಕೊಳ್ಳುವವರಿಲ್ಲದೆ ಜನ ಗಿಡ ಕಡಿದ ಮೇಲೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೇ ಶುರುವಾಯಿತು. ಧಾರಣೆಯ ವಿಷಯದಲ್ಲಿ ಸಹಕಾರ ಇಷ್ಟು ಮಾಡಿದ್ದಾದರೆ ಗಡುವಿನ ವಿಷಯದಲ್ಲಿ ಏಕೆ ಕೈಕಟ್ಟಿ ಕೂತಿದೆ?

ಇಟ್ಟವನಿಗೆಲ್ಲ ಲಾಭ ಎಂದು ನಾನು ಹೇಳುತ್ತಿಲ್ಲ. 2000ದ ಆಸುಪಾಸಿನ ಕುಸಿತದಲ್ಲಿ ಇಟ್ಟು ಕೆಟ್ಟವರು ನಮ್ಮಲ್ಲೇ ಇದ್ದಾರೆ. 2021ರಲ್ಲಿ ಚಾಲಿ 500 ದಾಟಿದಾಗ ಬೇಗ ಮಾರಿದವರು ತಲೆಗೆ ಕೈಹೊತ್ತರು. ಭೂತಾನಿನಿಂದ ಹಸಿ ಅಡಿಕೆ ತರಲಿಕ್ಕೆ 2022ರಲ್ಲಿ ದೆಹಲಿಯವರು ಒಪ್ಪಿದರು, 2023ರಲ್ಲಿ ಆಮದಿನ ಕನಿಷ್ಠ ಬೆಲೆಯನ್ನು 251ರಿಂದ 351 ರೂಪಾಯಿಗೆ ಏರಿಸಿದರು. ಎರಡನ್ನೂ ನಮ್ಮನ್ನು ಕೇಳಿ ಮಾಡಲಿಲ್ಲ. ಮಾರುವುದು ಯಾವಾಗ ಎಂಬುದೊಂದಾದರೂ ನನ್ನ ತೀರ್ಮಾನವಾಗಿರಲಿ, ಸಾಲದ ಕಾಗದದ್ದಲ್ಲ. ಕೆಟ್ಟರೆ ನಾನೇ ಕೆಡುತ್ತೇನೆ.

ಸಂಪಾಜೆ, ಅರಂತೋಡು ಕಡೆಯ ಹಳದಿ ಎಲೆ ರೋಗದ ತೋಟಗಳಿಗೆ ಈ ಮಾತೂ ಸಾಲದು. ಅಲ್ಲಿ ಮಾರಲಿಕ್ಕೆ ಅಡಿಕೆಯೇ ಇಲ್ಲ, ಸಾಲದ ಖಾತೆ ಮಾತ್ರ ಉಂಟು. ಅವರ ಲೆಕ್ಕ ಬೇರೆಯೇ ಬರೆಯಬೇಕು.

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕು. ಗದ್ದೆಗಳನ್ನೆಲ್ಲ ಮುಚ್ಚಿ ಅಡಿಕೆ ಇಟ್ಟವರು ನಾವೇ. ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಹಾಕಿ ಪಡೆದ ಗದ್ದೆ ಇಂದು ಎಷ್ಟು ಜನರಲ್ಲಿ ಗದ್ದೆಯಾಗಿಯೇ ಉಳಿದಿದೆ? ಊಟದ ಅಕ್ಕಿಯೂ ಅಂಗಡಿಯಿಂದ ಬರುವಾಗ ಮಾರ್ಚಿನಲ್ಲಿ ಕೈ ಬಿಗಿಹಿಡಿದು ಕೂರುವ ಶಕ್ತಿ ಇನ್ನಷ್ಟು ಕಡಿಮೆಯಾಯಿತು. ಎಷ್ಟೋ ಮನೆಗಳಲ್ಲಿ ಆ ತಿಂಗಳು ಅಡುಗೆ ನಡೆಸುವುದು ಹೆಂಗಸರು ಕಟ್ಟಿದ ಬೀಡಿಯ ದುಡ್ಡು. ಅದನ್ನು ಯಾರೂ ತೋಟದ ಲೆಕ್ಕಕ್ಕೆ ಬರೆಯುವುದಿಲ್ಲ.

ಸೊಸೈಟಿಗಳ ಮಹಾಸಭೆ ಸೆಪ್ಟೆಂಬರಿನಲ್ಲಿ. ಅಲ್ಲಿ ಲಾಡು, ಡಿವಿಡೆಂಡು ಎರಡರ ಮಾತು ಮುಗಿದ ಮೇಲೆ ಯಾರಾದರೂ ಎದ್ದು ನಿಂತು ಈ ನಿರ್ಣಯ ಮಂಡಿಸಿ: ಅಡಿಕೆ ಬೆಳೆಯ ಸಾಲದ ಗಡುವು ಮಾರ್ಚ್ ಬದಲು ಅಕ್ಟೋಬರಿಗೆ ಆಗಬೇಕು, ಆ ತನಕ ಬಡ್ಡಿರಹಿತ ಸವಲತ್ತು ತಪ್ಪಕೂಡದು, ಸೊಸೈಟಿಯ ಗೋದಾಮಿನಲ್ಲಿ ಅಡಿಕೆ ಇಟ್ಟವನಿಗೆ ಅದರ ಮೇಲೆ ಅಡಮಾನ ಸಾಲ ಅದೇ ವಾರ ಸಿಗಬೇಕು. ನಾನು ಒಂದು ಸಭೆಯಲ್ಲಿ ಕೇಳಿದ್ದಕ್ಕೆ “ಅದು ನಮ್ಮ ಕೈಯಲ್ಲಿಲ್ಲ, ಮೇಲಿನವರದ್ದು” ಎಂದರು. ಮೇಲಿನವರ ವಿಳಾಸ ಕೊಡಿ ಎಂದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಈ ವರ್ಷ ಊಟಕ್ಕೆ ಮೊದಲೇ ಕೇಳುವವನಿದ್ದೇನೆ.