ಹಿತ್ತಲ ಕೋಳಿಗೆ ಸೂಜಿಮದ್ದು ಯಾವಾಗ?

ಶಿವರಾತ್ರಿ ಕಳೆದು ಚಳಿ ಬಿಟ್ಟಿತು ಅಂದರೆ ನಮ್ಮ ಕಡೆ ಹಿತ್ತಲಿಗೆ ಜೀವ ಬರುತ್ತದೆ. ಬಚ್ಚಲ ನೀರು ಹರಿಯುವ ಕಡೆ ಬಸಳೆ, ಬೇಲಿಗೆ ಹೀರೆ, ಪಾತಿಯಲ್ಲಿ ಹರಿವೆ, ಬೆಂಡೆ, ಮೂಲೆಯಲ್ಲಿ ಎರಡು ಕುಂಬಳದ ಬೀಜ. ಅದೇ ಹೊತ್ತಿಗೆ ಒಂದೆರಡು ಕೋಳಿ ಕಾವಿಗೆ ಕೂತಿರುತ್ತವೆ. 21 ದಿನ ಕಳೆದರೆ ಮರಿ.

ಕೋಳಿಗೂ ತರಕಾರಿಗೂ ಜಗಳ ಇದ್ದದ್ದೇ. ಬೀಜ ಹಾಕಿ ಕೈ ತೊಳೆದು ಬರುವಷ್ಟರಲ್ಲಿ ಪಾತಿ ಕೆದಕಿ ಹಾಕಿರುತ್ತವೆ. ಮುಳ್ಳು ಹರಡಿ, ತೆಂಗಿನ ಗರಿ ಕಟ್ಟಿ, ಗಿಡ ಗೇಣುದ್ದ ಆಗುವ ತನಕ ಕಾಯಬೇಕು. ಆಮೇಲೆ ನೋಡಿ, ಅದೇ ಕೋಳಿ ಹುಳ, ಗೆದ್ದಲು ಆರಿಸಿ ತಿಂದು ಕೂಲಿ ಕೇಳದ ಆಳಾಗುತ್ತದೆ. ಗೂಡಿನ ಹಿಕ್ಕೆಯೂ ಒಳ್ಳೆ ಗೊಬ್ಬರವೇ. ಆದರೆ ಹಸಿಯಾಗಿ ಬುಡಕ್ಕೆ ಸುರಿದರೆ ಗಿಡ ಸುಟ್ಟುಹೋಗುತ್ತದೆ, ತರಗೆಲೆ ಜೊತೆ ಗುಂಡಿಯಲ್ಲಿ ಕೆಲವು ತಿಂಗಳು ಕಳಿಯಬೇಕು. ಇದನ್ನೆಲ್ಲ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೇಳಹೊರಟದ್ದು ಬೇರೆ.

ಹೋದ ವರ್ಷ ಯುಗಾದಿಗೆ ಹತ್ತು ದಿನ ಇರುವಾಗ ನಮ್ಮ ಮನೆಯಲ್ಲಿ ಹನ್ನೊಂದು ಕೋಳಿ ಇದ್ದವು. ಒಂದು ಬೆಳಿಗ್ಗೆ ಹುಂಜ ಕೂಗಲಿಲ್ಲ. ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿತ್ತು, ಬಾಯಿ ತೆರೆದು ಉಸಿರೆಳೆಯುತ್ತಿತ್ತು, ಹಿಕ್ಕೆ ಹಸಿರು. ಮಾರನೆ ದಿನ ಇನ್ನೆರಡಕ್ಕೆ ಕತ್ತು ತಿರುಚಿಕೊಂಡಿತು. ಐದನೆ ದಿನ ಉಳಿದದ್ದು ಒಂದೇ ಹೇಟೆ. "ಕಣ್ಣು ಬಿತ್ತು ಕಣಪ್ಪಾ" ಅಂದರು ಪಕ್ಕದ ಮನೆ ಅಜ್ಜಿ. ಕಣ್ಣೂ ಅಲ್ಲ, ಬಿಸಿಲೂ ಅಲ್ಲ, ಅದು ಕೊಕ್ಕರೆ ರೋಗ. ಡಾಕ್ಟರುಗಳು ರಾಣಿಖೇತ್ ಅನ್ನುತ್ತಾರೆ. 1920ರ ದಶಕದಲ್ಲಿ ಉತ್ತರದ ಆ ಗುಡ್ಡದ ಊರಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು.

ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬಾರದ ಹಾಗೆ ಮಾಡಲು ಮದ್ದಿದೆ, ಇಂದು ನಿನ್ನೆಯದಲ್ಲ, ಹಲವು ದಶಕಗಳಿಂದ ಇದೆ. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಎಂಟು ವಾರದ ಸುಮಾರಿಗೆ ರೆಕ್ಕೆಯ ಅಡಿ ಸೂಜಿ. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಸರ್ಕಾರದ ಲಸಿಕೆ ಸಂಸ್ಥೆ ಇದೆ.

ಹಾಗಾದರೆ ನಮ್ಮ ಕೋಳಿಗೇಕಿಲ್ಲ? ಮೊನ್ನೆ ಪಶು ಆಸ್ಪತ್ರೆಗೆ ಹೋಗಿ ಕೇಳಿದೆ.

"ಎಷ್ಟು ಕೋಳಿ ಇವೆ ಸ್ವಾಮಿ?"

"ಐದು ಸಾರ್."

"ಒಂದು ಶೀಷೆ ಒಡೆದರೆ ನೂರು ಕೋಳಿಗಾಗುತ್ತೆ. ಕಲಸಿದ ಮೇಲೆ ಎರಡು ಗಂಟೆ ಒಳಗೆ ಮುಗಿಸಬೇಕು. ನಿಮ್ಮ ಐದಕ್ಕೋಸ್ಕರ ಮಿಕ್ಕಿದ್ದನ್ನ ಚರಂಡಿಗೆ ಚೆಲ್ಲಲಾ?"

ಅವರ ಮಾತು ತಪ್ಪಲ್ಲ. ಆದರೆ ನೂರು ಕೋಳಿ ಇರುವ ಹಿತ್ತಲು ಎಲ್ಲಿದೆ? ಸಾವಿರಗಟ್ಟಲೆ ಸಾಕುವ ಫಾರಂನವರಿಗೆ ಶೀಷೆಯ ಚಿಂತೆಯೇ ಇಲ್ಲ. ಐದಾರು ಸಾಕಿ, ಮೊಟ್ಟೆ ಕೊಟ್ಟು ಅಂಗಡಿಯಿಂದ ಸೋಪು, ಕಾಫಿಪುಡಿ ಒಯ್ಯುವ ಹೆಂಗಸಿಗೆ ಮಾತ್ರ ಚಿಂತೆ. ಗೂಡು ಖಾಲಿಯಾದರೆ ಸೋಪು ಸಾಲಕ್ಕೆ ಬರೆಸಬೇಕು. ಅಂಗಡಿಯವರೇ, ನಿಮ್ಮ ಲೆಕ್ಕದ ಪುಸ್ತಕ ತೆಗೆದು ನೋಡಿ, ಬೇಸಿಗೆಯಲ್ಲಿ ಇಂಥ ಹೆಸರು ಎಷ್ಟಿವೆ ಅಂತ.

ಇನ್ನೊಂದು ಸಂಗತಿ, ಹೇಳಲು ನಾಚಿಕೆ. ರೋಗ ಬಂತು ಅಂದ ಕೂಡಲೆ ಬದುಕಿರುವುದನ್ನು ಕಾಲು ಕಟ್ಟಿ ಸಂತೆಗೆ ಸಾಗಿಸುವುದು ನಮ್ಮಲ್ಲಿ ರೂಢಿ. ಹೊಸತೊಡಕಿನ ಮುಂದೆ ನಾಟಿ ಕೋಳಿಗೆ ಗಿರಾಕಿ ಎಲ್ಲಿಲ್ಲ ಹೇಳಿ! ಕೊಂಡವನು ಅಂದೇ ಕೊಯ್ದರೆ ಸರಿ. ಸಾಕಲು ಒಯ್ದರೆ ರೋಗ ಬಸ್ಸು ಹತ್ತಿ ಇನ್ನೊಂದು ಊರಿಗೆ ಹೋಯಿತು. ಬಸ್ಸಲ್ಲಿ ಕೋಳಿಗೂ ಕಂಡಕ್ಟರು ಟಿಕೆಟ್ ಕೊಡುವುದುಂಟು. ಟಿಕೆಟ್ಟಿಗೆ ಲೆಕ್ಕಕ್ಕೆ ಬರುವ ಕೋಳಿ ಲಸಿಕೆಗೆ ಮಾತ್ರ ಬರುವುದಿಲ್ಲ! ನಾನೂ ಸಾಚಾ ಅಲ್ಲ. ಮೂರನೆ ದಿನ, ಉಳಿದ ನಾಲ್ಕನ್ನು ಸಂತೆಗೆ ಒಯ್ದುಬಿಡೋಣ ಅಂದವನು ನಾನೇ. "ಇನ್ನೊಬ್ಬರ ಹಿತ್ತಲೂ ಹಾಳು ಮಾಡಬೇಕಾ?" ಅಂದಳು ಮನೆಯಾಕೆ. ಬಾಯಿ ಮುಚ್ಚಿಕೊಂಡೆ. ಸತ್ತವನ್ನು ಸುಣ್ಣ ಹಾಕಿ ಹೂತೆವು.

ಹಸುವಿನ ವಿಷಯ ನೋಡಿ. ಕಾಲುಬಾಯಿ ಜ್ವರಕ್ಕೆ 2019ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಯೋಜನೆ ಮಾಡಿತು. ಕೊಟ್ಟಿಗೆ ಬಾಗಿಲಿಗೇ ಬಂದು ಸೂಜಿ ಹಾಕುತ್ತಾರೆ, ಕಿವಿಗೆ 12 ಅಂಕಿಯ ಓಲೆ ಬೇರೆ. ಕೋಳಿಗೆ ಓಲೆ ಬೇಡ ಸ್ವಾಮಿ, ದಿನ ಗೊತ್ತು ಮಾಡಿದರೆ ಸಾಕು. ಶಿವರಾತ್ರಿಗೂ ಯುಗಾದಿಗೂ ನಡುವೆ ಊರಿಗೊಂದು ಬೆಳಗು. ಹಿಂದಿನ ದಿನ ಹಾಲಿನ ಡೇರಿಯಲ್ಲಿ ಹೇಳಿದರೆ ಸಾಕು, ಊರಿಗೆಲ್ಲ ಗೊತ್ತಾಗುತ್ತದೆ. ಕೋಳಿಗಳನ್ನು ಒಂದೆಡೆ ತಂದು ಗುಡ್ಡೆ ಹಾಕುವುದು ಬೇಡ, ಅದರಿಂದಲೂ ರೋಗ ಹರಡೀತು. ಗೂಡಿನ ಬಾಗಿಲು ತೆರೆಯುವ ಮುಂಚೆ, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಶೀಷೆ ಇಟ್ಟುಕೊಂಡು ಬೀದಿ ಬೀದಿ ಸುತ್ತಬೇಕು. ಡಾಕ್ಟರೇ ಬರಬೇಕಂತಿಲ್ಲ. ಸ್ವಸಹಾಯ ಸಂಘಗಳಲ್ಲಿ ತರಬೇತಾದ ಪಶು ಸಖಿಯರಿದ್ದಾರೆ, ಅವರನ್ನು ಜೊತೆಗೆ ಕರೆದುಕೊಳ್ಳಲಿ.

ನಮ್ಮ ಬೀದಿಯ ಮಟ್ಟಿಗೆ ಲೆಕ್ಕ ಬರೆದಿಟ್ಟಿದ್ದೇನೆ. ಹದಿನೇಳು ಮನೆ, 98 ಕೋಳಿ. ಸೋಮವಾರ ಚೀಟಿ ಆಸ್ಪತ್ರೆಗೆ ಕೊಡುತ್ತೇನೆ. ನೂರಕ್ಕೆ ಎರಡು ಕಡಿಮೆ ಅಂತ ಅಂದರೆ, ಅವೆರಡನ್ನು ಡಾಕ್ಟರ ಮನೆಯಿಂದಲೇ ತರಲಿ.