ತೈಲದ ಲೆಕ್ಕದ ಜೊತೆಗೆ ಬೆವರಿನ ಲೆಕ್ಕವೂ ಇರಲಿ

ಕೊಲ್ಲಿ ಸಹಕಾರ ಮಂಡಳಿಯೊಂದಿಗೆ ಭಾರತದ ರಾಜತಾಂತ್ರಿಕ ಮತ್ತು ಆರ್ಥಿಕ ಸಂಬಂಧ ಬಲಗೊಳ್ಳಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್ ಮತ್ತು ಬಹ್ರೈನ್‌ಗಳು ಸೇರಿ 1981ರ ಮೇ ತಿಂಗಳಲ್ಲಿ ಅಬುಧಾಬಿಯಲ್ಲಿ ಕಟ್ಟಿದ ಈ ಕೂಟದೊಂದಿಗೆ ಭಾರತವು ಆರ್ಥಿಕ ಸಹಕಾರದ ಚೌಕಟ್ಟು ಒಪ್ಪಂದಕ್ಕೆ ಸಹಿ ಹಾಕಿದ್ದು 2004ರ ಆಗಸ್ಟ್‌ನಲ್ಲಿ. ಮುಕ್ತ ವ್ಯಾಪಾರಕ್ಕಾಗಿ 2006 ಮತ್ತು 2008ರಲ್ಲಿ ಎರಡು ಸುತ್ತಿನ ಮಾತುಕತೆಗಳು ನಡೆದವು. ಬಳಿಕ ಅದು ನೆನೆಗುದಿಗೆ ಬಿತ್ತು. ಮಾತುಕತೆಗೆ ಮರುಜೀವ ನೀಡುವ ಘೋಷಣೆ ಹೊರಬಿದ್ದುದು 2022ರ ನವೆಂಬರ್‌ನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ವಿದೇಶಾಂಗ ಸಚಿವರ ಮಟ್ಟದ ಮೊದಲ ವ್ಯೂಹಾತ್ಮಕ ಸಂವಾದ ನಡೆದು, 2028ರ ವರೆಗಿನ ಜಂಟಿ ಕ್ರಿಯಾಯೋಜನೆಗೆ ಒಪ್ಪಿಗೆ ದೊರೆಯಿತು. ಈ ನಡುವೆ ಭಾರತವು ಯುಎಇಯೊಂದಿಗೆ 2022ರ ಫೆಬ್ರವರಿಯಲ್ಲಿ ಮತ್ತು ಒಮಾನ್‌ನೊಂದಿಗೆ 2025ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ವ್ಯಾಪಾರ ಒಪ್ಪಂದಗಳನ್ನು ಮಾಡಿಕೊಂಡಿದೆ.

ಈ ಸಂಬಂಧದ ತೂಕವನ್ನು ಅಂಕಿ-ಅಂಶಗಳೇ ಹೇಳುತ್ತವೆ. 2023-24ರಲ್ಲಿ ಈ ಆರು ರಾಷ್ಟ್ರಗಳೊಂದಿಗೆ ಭಾರತ ನಡೆಸಿದ ವ್ಯಾಪಾರ ಸುಮಾರು 16,200 ಕೋಟಿ ಡಾಲರ್. ಅದರಲ್ಲಿ ನಾವು ಕೊಂಡದ್ದು ಸುಮಾರು 10,500 ಕೋಟಿ ಡಾಲರ್‌ನಷ್ಟು, ಮಾರಿದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್ ದ್ರವೀಕೃತ ಅನಿಲ ತರಿಸುವ ಕರಾರನ್ನು 2024ರ ಫೆಬ್ರವರಿಯಲ್ಲಿ 2048ರ ವರೆಗೆ ವಿಸ್ತರಿಸಲಾಯಿತು. ನಮ್ಮ ಮಂಗಳೂರಿನ ನೆಲದಡಿಯಲ್ಲಿ ಕೊರೆದ ಬೃಹತ್ ಗುಹೆಯಲ್ಲಿ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪೆನಿ 2018ರಲ್ಲಿ ತನ್ನ ಕಚ್ಚಾತೈಲವನ್ನು ತಂದು ತುಂಬಿಸಿತು. ಆಪತ್ಕಾಲಕ್ಕೆಂದು ದೇಶ ಕೂಡಿಟ್ಟುಕೊಳ್ಳುವ ಉಗ್ರಾಣದಲ್ಲಿ ಕೊಲ್ಲಿಯ ನೆರೆಯವನಿಗೂ ಒಂದು ಕೋಣೆ ಇದೆ ಎಂದಾಯಿತು.

ಇದು ಯಾವುದೋ ಒಂದು ಸರಕಾರದ ಅಥವಾ ಒಬ್ಬ ನಾಯಕನ ಕೊಡುಗೆಯೆಂದು ಬಿಂಬಿಸುವುದು ಮಾತ್ರ ಇತಿಹಾಸಕ್ಕೆ ಬಗೆಯುವ ಅಪಚಾರ. ವಿಜಯನಗರದ ಸೇನೆಗೆ ಅರಬಿ ಕುದುರೆಗಳು ಬಂದಿಳಿದದ್ದು ಭಟ್ಕಳ, ಹೊನ್ನಾವರಗಳಂತಹ ಬಂದರುಗಳಲ್ಲಿ. ಮಸಾಲೆ ಪದಾರ್ಥಗಳನ್ನು ಹೊತ್ತ ಹಡಗುಗಳು ಇದೇ ಕರಾವಳಿಯಿಂದ ಅರಬಿ ತೀರಕ್ಕೆ ಸಾಗಿದವು. ಭಾರತ ಸ್ವತಂತ್ರಗೊಂಡ ಬಳಿಕವೂ ಕೊಲ್ಲಿಯ ಪೇಟೆಗಳಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಆ ನಾಡುಗಳಿಗೆಂದೇ ಪ್ರತ್ಯೇಕ ‘ಗಲ್ಫ್ ರೂಪಾಯಿ’ಯನ್ನು ಹೊರತಂದಿತು. 1966ರ ವರೆಗೂ ಕೆಲವು ನಾಡುಗಳಲ್ಲಿ ಅದು ನಡೆಯುತ್ತಿತ್ತು. ಅಂದು ನಮ್ಮ ನೋಟಿನಿಂದ ಅಲ್ಲಿ ಸಂತೆ ನಡೆಯುತ್ತಿತ್ತು; ಇಂದು ಅಲ್ಲಿಯ ದಿರ್ಹಮ್, ರಿಯಾಲುಗಳಿಂದ ಇಲ್ಲಿ ಸಹಸ್ರಾರು ಮನೆಗಳ ಒಲೆ ಉರಿಯುತ್ತಿದೆ.

ಇಲ್ಲಿಯೇ ನಮ್ಮ ಪ್ರಶ್ನೆ ಆರಂಭವಾಗುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆಂದು 2024ರಲ್ಲಿ ಸರಕಾರವೇ ಹೇಳಿತ್ತು. 2023-24ರಲ್ಲಿ ವಿದೇಶಗಳಿಂದ ಭಾರತೀಯರು ತಾಯ್ನಾಡಿಗೆ ಕಳುಹಿಸಿದ ಹಣ 11,870 ಕೋಟಿ ಡಾಲರ್. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ ಅದರಲ್ಲಿ ನೂರಕ್ಕೆ 38 ಪಾಲು ಬಂದುದು ಈ ಆರು ರಾಷ್ಟ್ರಗಳಿಂದ. ವಿಪರ್ಯಾಸವೆಂದರೆ, ಒಪ್ಪಂದದ ಮೇಜಿನಲ್ಲಿ ಬಾಸ್ಮತಿ, ಚಿನ್ನ, ಪೆಟ್ರೋರಾಸಾಯನಿಕಗಳ ಸುಂಕ ಚರ್ಚೆಯಾಗುವಷ್ಟು ಗಂಭೀರವಾಗಿ ಈ ಮನುಷ್ಯರ ಬದುಕು ಚರ್ಚೆಯಾಗುವುದಿಲ್ಲ. ವ್ಯಾಪಾರ ಒಪ್ಪಂದಗಳು ‘ವ್ಯಕ್ತಿಗಳ ಸಂಚಾರ’ದ ಬಗ್ಗೆ ಮಾತನಾಡುವಾಗ ಅವುಗಳ ಕಣ್ಣ ಮುಂದಿರುವುದು ಕಂಪೆನಿಯ ಅಧಿಕಾರಿ, ಲೆಕ್ಕ ಪರಿಶೋಧಕ, ಇಂಜಿನಿಯರ್. ಸಾರುವೆಯ ಮೇಲೆ ನಿಂತು ಇಟ್ಟಿಗೆ ಜೋಡಿಸುವವನು, ಪರರ ಮನೆಯಲ್ಲಿ ಪಾತ್ರೆ ತೊಳೆಯುವವಳು ಆ ಪುಟಗಳಲ್ಲಿ ಕಾಣಸಿಗುವುದಿಲ್ಲ.

ಅವರು ಸುದ್ದಿಯಾಗುವುದು ಸತ್ತಾಗ ಮಾತ್ರ. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 45 ಮಂದಿ ಭಾರತೀಯರು ಪ್ರಾಣ ಕಳೆದುಕೊಂಡರು. ಶವಪೆಟ್ಟಿಗೆಗಳನ್ನು ತರಲು ವಾಯುಪಡೆಯ ವಿಮಾನ ಹೋಯಿತು. ಅದು ಸರಿಯಾದ ಕ್ರಮವೇ. ಆದರೆ ಅವರು ಬದುಕಿದ್ದಾಗ ಅವರ ಕೋಣೆಗಳನ್ನು ಪರಿಶೀಲಿಸುವ ಹಕ್ಕನ್ನು ನಮ್ಮ ರಾಯಭಾರ ಕಚೇರಿಗೆ ಯಾವ ಒಪ್ಪಂದ ಕೊಟ್ಟಿತ್ತು?

ಕೆಲಸಗಾರನ ವೀಸಾವನ್ನು ಮಾಲಕನ ಮುಷ್ಟಿಗೆ ಕೊಡುವ ‘ಕಫಾಲ’ ಪದ್ಧತಿಯಲ್ಲಿ ಸುಧಾರಣೆಗಳಾಗಿವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಕೆಲಸ ಬದಲಿಸಲು ಮಾಲಕನ ಅನುಮತಿ ಬೇಕೆಂಬ ನಿಯಮವನ್ನು ಕತಾರ್ 2020ರಲ್ಲಿ ತೆಗೆದು ಹಾಕಿ, ಸಾವಿರ ರಿಯಾಲಿನ ಕನಿಷ್ಠ ವೇತನ ಗೊತ್ತುಪಡಿಸಿತು. ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ ಖಾಸಗಿ ವಲಯದ ನೌಕರರಿಗೆ ಇಂತಹುದೇ ಸಡಿಲಿಕೆ ನೀಡಿತು. ಆದರೆ ಮನೆಗೆಲಸದವರು ಆ ಸಡಿಲಿಕೆಯ ಹೊರಗೇ ಉಳಿದರು. ದುಡಿದವನ ಕೂಲಿಯನ್ನು ತಡೆಹಿಡಿಯುವುದು ಘೋರ ಅನ್ಯಾಯವೆಂದು ಸಾರುವ ಧರ್ಮವನ್ನು ಅನುಸರಿಸುವ ನಾಡುಗಳಲ್ಲಿ ವೇತನಕ್ಕಾಗಿ ಕಾರ್ಮಿಕನು ಕಚೇರಿಯಿಂದ ಕಚೇರಿಗೆ ಅಲೆಯುವಂತಾದರೆ, ಅದನ್ನು ಅನ್ಯಾಯವೆನ್ನಲು ನಾವು ಹಿಂಜರಿಯಬಾರದು. ಅರಬಿ ಮಾತನಾಡುವವರೆಂಬ ಮಾತ್ರಕ್ಕೆ ಮಾಲಕರ ತಪ್ಪು ಒಪ್ಪಾಗುವುದಿಲ್ಲ.

ಹೆಚ್ಚು ಒತ್ತಾಯ ಹೇರಿದರೆ ಆ ಕೆಲಸಗಳು ಬೇರೆ ದೇಶದವರ ಪಾಲಾಗುತ್ತವೆ ಎಂಬ ವಾದವೊಂದಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ 2018ರಲ್ಲಿ ತನ್ನ ದೇಶದ ಮನೆಗೆಲಸದ ಮಹಿಳೆಯೊಬ್ಬಳ ಕೊಲೆ ಬೆಳಕಿಗೆ ಬಂದಾಗ ಫಿಲಿಪ್ಪೀನ್ಸ್ ಸರಕಾರ ಕುವೈತ್‌ಗೆ ಕಾರ್ಮಿಕರನ್ನು ಕಳುಹಿಸುವುದನ್ನೇ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ, ಮಾಲಕನು ಪಾಸ್‌ಪೋರ್ಟನ್ನು ವಶದಲ್ಲಿಟ್ಟುಕೊಳ್ಳಬಾರದೆಂಬ ಷರತ್ತೂ ಸೇರಿದ ಒಪ್ಪಂದಕ್ಕೆ ಕುವೈತ್ ಸಹಿ ಹಾಕಿತು. ಫಿಲಿಪ್ಪೀನ್ಸಿಗೆ ಸಾಧ್ಯವಾದುದು, ಕೊಲ್ಲಿಯ ತೈಲದ ದೊಡ್ಡ ಗಿರಾಕಿಯಾದ ಭಾರತಕ್ಕೆ ಅಸಾಧ್ಯವೇ? ಇದು ಶಕ್ತಿಯ ಪ್ರಶ್ನೆಯಲ್ಲ, ಇಚ್ಛಾಶಕ್ತಿಯ ಪ್ರಶ್ನೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. 2022ರ ಜೂನ್‌ನಲ್ಲಿ ಆಡಳಿತ ಪಕ್ಷದ ವಕ್ತಾರೆಯೊಬ್ಬರು ಪ್ರವಾದಿಯವರ(ಸ) ಬಗ್ಗೆ ಆಡಿದ ಮಾತಿಗೆ ಕತಾರ್, ಕುವೈತ್‌ಗಳು ನಮ್ಮ ರಾಯಭಾರಿಗಳನ್ನು ಕರೆಸಿ ಪ್ರತಿಭಟಿಸಿದವು. ಪಕ್ಷವು ವಕ್ತಾರೆಯನ್ನು ಅಮಾನತುಗೊಳಿಸಿತು. ದೇಶದೊಳಗೆ ದ್ವೇಷವನ್ನು ಬಿತ್ತಿ ಹೊರಗೆ ಸ್ನೇಹದ ಫಸಲು ಕೊಯ್ಯಲಾಗದು ಎಂಬ ಪಾಠ ಅದರಲ್ಲಿದೆ. ಹಾಗೆಂದು ನಮ್ಮ ಮಾನ, ಪ್ರಾಣಗಳ ರಕ್ಷಣೆಗೆ ಕೊಲ್ಲಿಯ ಅರಸರತ್ತ ನೋಡುವುದೂ ತರವಲ್ಲ. ಇಲ್ಲಿಯ ಪೌರರಿಗೆ ಹಕ್ಕು ಕೊಟ್ಟಿರುವುದು ಇಲ್ಲಿಯ ಸಂವಿಧಾನ. ಅದನ್ನು ಇಲ್ಲಿಯ ನ್ಯಾಯಾಲಯ, ಇಲ್ಲಿಯ ಮತಪೆಟ್ಟಿಗೆ, ಇಲ್ಲಿಯ ನ್ಯಾಯಪ್ರಿಯ ನೆರೆಹೊರೆಯವರ ಜೊತೆಗೂಡಿಯೇ ಉಳಿಸಿಕೊಳ್ಳಬೇಕು.

ಸರಕಾರದ ಹೊಣೆಯನ್ನು ಹೇಳಿದ ಮೇಲೆ ಸಮುದಾಯದ ಹೊಣೆಯನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಕೊಲ್ಲಿಗೆ ಹೊರಟ ಎಷ್ಟು ಮಂದಿ ಯುವಕರು ತಮ್ಮ ಏಜೆಂಟ್ ಸರಕಾರದಲ್ಲಿ ನೋಂದಾಯಿತನೇ ಎಂದು ವಿಚಾರಿಸುತ್ತಾರೆ? ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ತೆರಿಗೆಯನ್ನು ಮಾತ್ರ ಪಡೆಯಬಹುದೆಂಬ ನಿಯಮ ಎಷ್ಟು ತಾಯಂದಿರಿಗೆ ಗೊತ್ತು? ಹತ್ತನೆಯ ತರಗತಿ ದಾಟದೆ ದುಡಿಯಲು ಹೋಗುವವರಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕೆಲವೇ ನೂರು ರೂಪಾಯಿಯ ಕಂತಿಗೆ ಹತ್ತು ಲಕ್ಷ ರೂಪಾಯಿಯ ಅಪಘಾತ ವಿಮೆ ಕೊಡುತ್ತದೆ. ಸಂದರ್ಶಕ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವನು ಈ ಎಲ್ಲ ರಕ್ಷಣೆಗಳನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗುತ್ತಾನೆ. ಶುಕ್ರವಾರದ ನಮಾಝ್ ಬಳಿಕ ಹತ್ತು ನಿಮಿಷ ಈ ಮಾಹಿತಿ ನೀಡಲು ನಮ್ಮ ಜಮಾಅತ್‌ಗಳಿಗೆ ಯಾವ ಅಡ್ಡಿಯಿದೆ?

ಕಾಲವೂ ಬದಲಾಗುತ್ತಿದೆ. 2016-17ರಲ್ಲಿ ವಿದೇಶಗಳಿಂದ ಬರುವ ಹಣದಲ್ಲಿ ಕೊಲ್ಲಿಯ ಪಾಲು ಅರ್ಧದಷ್ಟಿತ್ತು. ಅದೀಗ 38ಕ್ಕೆ ಇಳಿದು, ಅಮೆರಿಕ ಮೊದಲ ಸ್ಥಾನಕ್ಕೇರಿದೆ. 2011ರಿಂದ ಸೌದಿಯಲ್ಲಿ ‘ನಿತಾಕತ್’ ಜಾರಿಯಾಗಿ ಸ್ಥಳೀಯರಿಗೆ ಆದ್ಯತೆ ಸಿಗುತ್ತಿದೆ. ಬರಿಯ ತೋಳ್ಬಲವನ್ನು ನೆಚ್ಚಿದವನಿಗೆ ಮುಂದೆ ಅಲ್ಲಿ ಎಡೆಯಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹುಡುಗರ 23 ಹಾಗೂ ಹುಡುಗಿಯರ 13 ಶಾಲೆಗಳಿದ್ದವೆಂದು ದಾಖಲಿಸಿದ್ದಾರೆ. ಅಂತಹ ಪರಂಪರೆಯ ವಾರಸುದಾರರು ಕೊಲ್ಲಿಯ ಹಣವನ್ನು ಮದುವೆಯ ಆಡಂಬರಕ್ಕೂ ಮನೆಯ ಅಮೃತಶಿಲೆಗೂ ಸುರಿದು, ಮಗನನ್ನು ಅರ್ಧ ಓದಿಗೇ ವಿಮಾನ ಹತ್ತಿಸುವುದು ಎಷ್ಟು ಸರಿ?

ಕೇರಳವು 1996ರಲ್ಲೇ ಅನಿವಾಸಿಗಳಿಗಾಗಿ ‘ನೋರ್ಕಾ’ ಇಲಾಖೆಯನ್ನು ತೆರೆಯಿತು. ಅಲ್ಲಿ 1998ರಿಂದ ವಲಸೆಯ ಸಮೀಕ್ಷೆಗಳು ನಡೆಯುತ್ತಿವೆ. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬರಿಗೈಯಲ್ಲಿ ಮರಳಿದರು ಎಂದು ಎಣಿಸಿದ ರಾಜ್ಯ ಮಾತ್ರ ಅವರಿಗಾಗಿ ಯೋಜನೆ ರೂಪಿಸಬಲ್ಲದು. ಕರ್ನಾಟಕವೂ ಆ ಕೆಲಸಕ್ಕೆ ಕೈಹಾಕಲಿ. ಕೇಂದ್ರ ಸರಕಾರವು ಕೊಲ್ಲಿಯ ಮಂಡಳಿಯೊಂದಿಗೆ ಮಾತಿಗೆ ಕೂರುವಾಗ ವೇತನ, ವಸತಿ, ಪಾಸ್‌ಪೋರ್ಟ್ ಮತ್ತು ದೂರು ಪರಿಹಾರಗಳ ಖಾತರಿಯನ್ನು ಒಪ್ಪಂದದ ಭಾಗವಾಗಿಸಲಿ. ಎರಡು ರಾಷ್ಟ್ರಗಳ ಸ್ನೇಹ ಎಷ್ಟು ಗಟ್ಟಿಯೆಂದು ತಿಳಿಯುವುದು ನಾಯಕರ ಆಲಿಂಗನದಿಂದಲ್ಲ. ತಿಂಗಳ ಕೊನೆಗೆ ಕಾರ್ಮಿಕನ ಕೈಗೆ ನ್ಯಾಯವಾದ ಕೂಲಿ ಬಿತ್ತೇ ಎಂಬುದರಿಂದ.